ಎದುರುತೂಕವಿಲ್ಲದ್ದು

ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಇಷ್ಟೇ:
ಒಂದು ಡಬ್ಬಿಯನ್ನು ಗುಡ್ಡ ಹತ್ತಿಸುವುದು,
ಇನ್ನೊಂದನ್ನು ಇಳಿಸುವುದು.
ಉಕ್ಕಿನ ಹಗ್ಗ ಒಂದೇ, ತುದಿ ಎರಡು.
ವಾಲ್ಪರೈಸೊದಲ್ಲಿ ಸಪಾಟು ನೆಲವೆಂದರೆ ಬಂದರಿನ ಪಕ್ಕದ್ದು,
ಉಳಿದದ್ದೆಲ್ಲ ಮೆಟ್ಟಿಲು, ಏದುಸಿರು, ಬೀದಿನಾಯಿ.
ಇಂಥ ಊರಲ್ಲಿ, ನಲವತ್ತೇಳರ ವಯಸ್ಸಿಗೆ,
ಬ್ರೇಕಿಲ್ಲದ ಒಂಟಿಗಾಲಿ ಕೊಳ್ಳಲು ಹೊರಟೆ.

ಕಾರಣ ಕೇಳಬೇಡಿ.
ಕೇಳಿದವರಿಗೆಲ್ಲ ಬೇರೆ ಬೇರೆ ಹೇಳಿದ್ದೇನೆ.

ಭಾನುವಾರದ ಸಂತೆ. ಹಳೇ ಇಸ್ತ್ರಿಪೆಟ್ಟಿಗೆ, ಗೊಂಬೆಯ ಕಾಲು,
ಬೀಗ ಕಳಕೊಂಡ ಕೀಲಿಗಳ ರಾಶಿ,
ಅದರಾಚೆ ಎವರಿಸ್ತೊ ಮುದುಕನ ಹಾಸಿನ ಮೇಲೆ ಮೂರು.
ಒಂದು ನನಗಿಂತ ಎತ್ತರ, ನಡುವೆ ಸರಪಳಿ, ಜಿರಾಫೆ.
ಒಂದು ದೊಡ್ಡ ಗಾಲಿಯದು, ಕಡ್ಡಿಗಳು ಮಿರಮಿರ.
ಮೂರನೆಯದು ಇಪ್ಪತ್ತು ಇಂಚು,
ಸೀಟು ಹರಿದು ಸ್ಪಂಜು ಇಣುಕುತ್ತಿತ್ತು,
ಬಿಡಿಭಾಗವೆಲ್ಲ ಹಿಟ್ಟಿನ ಚೀಲದಲ್ಲಿ.
ನನ್ನ ಕಣ್ಣು ಮಿರಮಿರದ ಮೇಲೇ.

"ಅದು ಬೇಡ ತಾಯಿ" ಅಂದ ಇಸಾಯಾಸ್.
ಕೆಂಪುದೀಪದ ತೊಂಬತ್ತು ಸೆಕೆಂಡಿನಲ್ಲಿ
ಗಾಲಿಯ ಮೇಲೆ ಕೂತು ಮೂರು ಕತ್ತಿ ಎಸೆದು ಹಿಡಿದು
ಹಸಿರಾಗುವ ಮೊದಲೇ ಟೋಪಿ ಚಾಚುವ ಹುಡುಗ,
ದಿನವೂ ನನ್ನ ಕೊನೆಯ ಡಬ್ಬಿಗೆ ಓಡಿಬರುವವನು.
"ದೊಡ್ಡದು ದೂರ ಹೋಗುವವರಿಗೆ.
ನೀವು ಸದ್ಯಕ್ಕೆ ಬೀಳುವವರು. ಬೀಳಲು ಚಿಕ್ಕದು ಸಾಕು.
ಟೈರು ದಪ್ಪ ಇರಲಿ. ಸೀಟು ಹೊಕ್ಕುಳಿಗೆ ಬರಬೇಕು."
ತುಂಬಿದ ಸಂತೆಯಲ್ಲಿ ನಿಂತು
ಎರಡು ಸ್ವೆಟರಿನಡಿ ಹೊಕ್ಕುಳು ಹುಡುಕಿದೆ.

ಮುದುಕ ಗಾಲಿ ಎತ್ತಿ ತಿರುಗಿಸಿ ತೋರಿಸಿದ. ಓಲಾಡಲಿಲ್ಲ.
ಹದಿನೆಂಟು ಸಾವಿರ ಪೆಸೊ,
ಚೀಲದ ತಳದ ನಟ್ಟುಗಳು ಪುಕ್ಕಟೆ.

ಜೋಡಿಸಿದ್ದು ನನ್ನ ಗೂಡಿನಲ್ಲೇ,
ಒಂದು ಗಂಟೆ ಬಾರಿಸಿ ಇನ್ನೊಂದು ಬಾರಿಸುವ ನಡುವೆ.
ಬೇರಿಂಗಿನ ಬಿಲ್ಲೆಗಳನ್ನು ಬಿಗಿದೆ, ಇನ್ನಷ್ಟು ಬಿಗಿದೆ,
ಗಾಲಿ ಹಟ ಹಿಡಿದ ಕತ್ತೆಯಂತೆ ನಿಂತಿತು.
ಕಾಲು ಸುತ್ತು ಸಡಿಲಿಸಿದೆ. ತಿರುಗಿತು.
ಬಿಗಿಯಲು ನನಗೆ ಮೊದಲಿಂದ ಬರುತ್ತಿತ್ತು,
ಎಲ್ಲಿ ನಿಲ್ಲಿಸಬೇಕೆಂದು ಯಾರೂ ಹೇಳಿರಲಿಲ್ಲ.

ಎಡಗಡೆ ಪೆಡಲು ಒಳಹೋಗಲೊಲ್ಲದು.
ಹಗ್ಗಕ್ಕೆ ಹಚ್ಚುವ ಗ್ರೀಸು ಹಚ್ಚಿದೆ,
ಬಲಕ್ಕೆ ತಿರುವಿದೆ, ಕರ್ ಅಂದಿತು, ಮತ್ತೆ ಬಲಕ್ಕೇ.
ಟಿಕೆಟ್ಟಿಗೆ ನಿಂತ ಓರ್ತೆನ್ಸಿಯಾ ಮೀನಿನ ಬುಟ್ಟಿ ಕೆಳಗಿಟ್ಟು
"ಎಡದ್ದು ಎಡಕ್ಕೇ ಕಣೇ" ಅಂದಳು,
"ನೀನು ತುಳಿದಷ್ಟೂ ಬಿಚ್ಚಿಕೊಳ್ಳಬಾರದಲ್ಲ, ಅದಕ್ಕೆ."
ನಿನಗೆ ಹೇಗೆ ಗೊತ್ತು?
"ನನಗೂ ಒಂದು ಕಾಲವಿತ್ತು."
ಅಷ್ಟು ಹೇಳಿ ಚಿಲ್ಲರೆ ಎಣಿಸಿದಳು.

ಅವಳ ಹಿಂದಿನ ಗಂಡಸು ಕೇಳಿದ,
"ಇನ್ನೊಂದು ಗಾಲಿ ಎಲ್ಲಿ?"
"ಹಡಗಿನಲ್ಲಿ ಅಡುಗೆಗೆಂದು ಹೋಯಿತು,
ಇನ್ನೂ ಬಂದಿಲ್ಲ" ಅಂದೆ.
ಓರ್ತೆನ್ಸಿಯಾ ನಕ್ಕ ನಗೆಗೆ ಬುಟ್ಟಿಯ ಮೀನೂ ಅಲುಗಿತು.

ಸೀಟಿನ ಕೊಳವೆ ನಾಲ್ಕು ಬೆರಳು ಹೆಚ್ಚು.
ಗರಗಸದಿಂದ ಕೊಯ್ದು, ಅರದಿಂದ ಅಂಚು ತೀಡಿದೆ.
ಕೊಯ್ದ ತುಂಡಿನಲ್ಲಿ ಈಗ ಪೆನ್ಸಿಲು ನಿಂತಿದೆ.
ರಾತ್ರಿ ಇಸಾಯಾಸ್ ಬಂದವನು
ಸುತ್ತ ಒಮ್ಮೆ ನಡೆದು ನೋಡಿ, ಏನೂ ಅನ್ನದೆ,
ಸೀಟನ್ನು ಬಿಚ್ಚಿ ಹಿಂದುಮುಂದಾಗಿ ಹಾಕಿದ.

ಕಡಲಗೋಡೆಯ ಕಂಬಿ. ಎರಡೂ ಕೈಯಲ್ಲಿ ಹಿಡಿದೆ.
"ತೂಕವೆಲ್ಲ ಸೀಟಿಗೆ ಕೊಡಿ, ಕಾಲಿಗಲ್ಲ."
ಸೀಟಿಗೆ ಕೊಟ್ಟೆ. ಗಾಲಿ ಮುಂದೆ ಜಾರಿತು.
ಹತ್ತೊಂಬತ್ತು ವರ್ಷದ ಬಲಗಾಲು
ಇಲ್ಲದ ಬ್ರೇಕನ್ನು ಗಾಳಿಯಲ್ಲಿ ಹುಡುಕಿತು.
ಇಲ್ಲಿ ತುಳಿಯುವುದೇ ಓಟ, ತುಳಿಯುವುದೇ ತಡೆ;
ನಾನು ಹತ್ತಿದರೆ ಇಳಿಯಲು ಆ ತುದಿಯಲ್ಲಿ ಯಾರೂ ಇಲ್ಲ.
ಅರ್ಧ ಸುತ್ತು ಹೋಗಿರಬೇಕು.
ಆಮೇಲೆ ನಾನು ನೆಲದಲ್ಲಿದ್ದೆ, ಅದು ಮಾತ್ರ
ನನ್ನ ಬಿಟ್ಟು ಮೂರು ಗಜ ತಾನೇ ಉರುಳಿ
ಸಾವಕಾಶವಾಗಿ ಮಲಗಿತು.

ಬೆಳಿಗ್ಗೆ ಏಳಕ್ಕೆ ಮೊದಲ ಡಬ್ಬಿ ಬಿಟ್ಟೆ.
ಊದಿದ ಮೊಣಕಾಲು ಮಡಿಸಲೊಲ್ಲದು.
ಗೂಡಿನ ಗೋಡೆಗೆ ಬೆನ್ನು ಕೊಟ್ಟು ನಿಂತೆ.
ಪಕ್ಕದ ಮೂಲೆಯಲ್ಲಿ ಅದು.
ಒರಗದೆ ನಿಲ್ಲಲು ಅದಕ್ಕೂ ಬರುವುದಿಲ್ಲ.