ಆಪ್ಷನ್ ಎಂಟ್ರಿ, ಮಳವಳ್ಳಿ

ಸಿಇಟಿ ಫಲಿತಾಂಶ ಬಂತೆಂದರೆ
ನನ್ನ ಜೆರಾಕ್ಸ್ ಅಂಗಡಿಗೆ ಎರಡು ಬೆಂಚು ಸಾಲದು.
ಪಕ್ಕದ ಟೈಲರ್ ನಂಜಮ್ಮಣ್ಣಿಯ ಸ್ಟೂಲು ಎರವಲು ತರುತ್ತೇನೆ.
ಅದರ ಒಂದು ಕಾಲು ಕುಂಟು.
ರ‍್ಯಾಂಕು ಚೆನ್ನಾಗಿ ಬಂದವರನ್ನು ಅದರ ಮೇಲೆ ಕೂರಿಸುತ್ತೇನೆ,
ಅವರು ಹೇಗೂ ನೆಲದ ಮೇಲಿರುವುದಿಲ್ಲ.

ಇವತ್ತು ನಾಲ್ಕು ಗಂಟೆಗೆ ಬಂದವಳು ಪೂರ್ವಿಕ.
ಬೆಂಚಿನ ಮೇಲೇ ಕೂತಳು.
ಒಂದು ಲಕ್ಷದ ಹನ್ನೆರಡು ಸಾವಿರದ ನಾನೂರ ಆರು.
ಹಾಗೆ ಪೂರ್ತಿ ಹೇಳುವವರು ಕಡಿಮೆ;
ಲಕ್ಷದ ಮ್ಯಾಲದೆ ಕನಕ್ಕ, ಅಂದು ಗೋಡೆ ನೋಡುತ್ತಾರೆ.
ಇವಳು ಮನೆ ನಂಬರು ಹೇಳಿದ ಹಾಗೆ ಹೇಳಿದಳು.

ಹಿಂದೆಯೇ ಅವಳಪ್ಪ ಕೆಂಪಸಿದ್ದ, ಗಾರೆ ಕೆಲಸದವನು.
ಮೊಣಕೈವರೆಗೆ ಒಣಗಿದ ಸಿಮೆಂಟು,
ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ.
ಚೀಲದೊಳಗೆ ಆ ಹುಡುಗಿಯ ಇಷ್ಟು ವರ್ಷ:
ಕನ್ನಡದಲ್ಲೇ ಓದಿದ್ದಕ್ಕೊಂದು ಕಾಗದ,
ಹಳ್ಳಿಯಲ್ಲೇ ಓದಿದ್ದಕ್ಕೊಂದು ಕಾಗದ,
ಯಾವ ಜಾತಿ, ಎಷ್ಟು ವರಮಾನ, ಎರಡೂ ಒಂದೇ ಹಾಳೆಯಲ್ಲಿ.
ಬಿಇಒ ಆಫೀಸಿನ ಸೀಲು ಮಸುಕು.
"ಮೂರ್ ಸಲ ತಿರುಗಿದೆ ಕನವ್ವ, ಮಸಿ ಒಣಗೋಗಿತ್ತಂತೆ."

ಎಲ್ಲರಿಗೂ ಹೇಳುವುದನ್ನೇ ಹೇಳಿದೆ.
ಫೀಸು ನೋಡಿ ಬರೀರಿ,
ಪಕ್ಕದ ಮನೆಯವರ ಮುಖ ನೋಡಿ ಬರೀಬೇಡಿ.
ಬೇಕು ಅನ್ನೋದು ಮೇಲೆ, ಸಾಕು ಅನ್ನೋದು ಕೆಳಗೆ,
ಬೇಡ ಅನ್ನೋದನ್ನ ಬರೆಯಲೇ ಬೇಡಿ;
ಕಂಪ್ಯೂಟರಿಗೆ ದಾಕ್ಷಿಣ್ಯ ಗೊತ್ತಿಲ್ಲ,
ಬರೆದದ್ದನ್ನು ಕೊಟ್ಟೇಬಿಡುತ್ತದೆ.
ಮೇಲಿನದು ಸಿಕ್ಕಿತೋ,
ಕೆಳಗಿನದೆಲ್ಲ ತಾನಾಗಿ ಅಳಿಯುತ್ತದೆ.

ಕೆಂಪಸಿದ್ದ ಪಟ್ಟಿ ನೋಡಲಿಲ್ಲ. ನೆನಪಿಸಿಕೊಂಡ.
"ಮೈಸೂರು ರಿಂಗ್ ರೋಡಿಂದು ಬ್ಯಾಡ.
ಅಲ್ಲಿ ಲ್ಯಾಬಿನ ಗೋಡೆಗೆ ಪ್ಲಾಸ್ಟರ್ ಮಾಡ್ದೋನು ನಾನೇಯ.
ಕ್ಯೂರಿಂಗಿಗೆ ನೀರೇ ಬುಡ್ನಿಲ್ಲ,
ಮೂರ್ ದಿನಕ್ಕೆ ಬಣ್ಣ ಬಳದ್ರು.
ಮಂಡ್ಯದ್ದ ಮ್ಯಾಲೆ ಮಡಗವ್ವ, ಪಾಯ ಗಟ್ಟಿ ಅದೆ."

ಹನ್ನೊಂದು ವರ್ಷದಲ್ಲಿ ಈ ಬೆಂಚಿನ ಮೇಲೆ ಕೇಳಿದ
ಸಲಹೆಗಳಲ್ಲಿ ಇದೊಂದೇ ಕಣ್ಣಾರೆ ಕಂಡವನದು.
ಉಳಿದವರು ಬ್ರೋಷರು ಓದಿದ್ದರು.

ಹುಡುಗಿ ನೋಟ್‌ಬುಕ್ಕಿನ ಹಿಂದಿನ ಹಾಳೆ ಹರಿದು ಮುಂದಿಟ್ಟಳು.
ನಲವತ್ತೊಂದು ಸಾಲು, ಪೆನ್ಸಿಲಿನಲ್ಲಿ.
ಮೊದಲ ಸಾಲು ಸಿವಿಲ್. ಅದೇ ರಿಂಗ್ ರೋಡಿನ ಕಾಲೇಜು.

"ಗೋಡೆ ಬಿರುಕು ಬುಡ್ತದೆ ಅಂದ್ನಲ್ಲ!"

"ಅದ್ಕೇ ಕನಪ್ಪ."

ಓಟಿಪಿ ಹೋದದ್ದು ಅವಳವ್ವನ ಫೋನಿಗೆ.
ಅವ್ವ ಗಾರ್ಮೆಂಟ್ಸಿನಲ್ಲಿ, ಫೋನು ಗೇಟಿನ ಪೆಟ್ಟಿಗೆಯಲ್ಲಿ,
ಶಿಫ್ಟು ಬಿಡುವುದು ಆರಕ್ಕೆ.
ಕಾಯುತ್ತ ಮುಂದಿನದನ್ನು ವಿವರಿಸಿದೆ.
ಸೀಟು ಬಂದ ಮೇಲೆ ನಾಲ್ಕು ಉತ್ತರ ಇರುತ್ತವೆ.
ಒಂದು, ಒಪ್ಪಿದೆ, ಸೇರುತ್ತೇನೆ.
ಎರಡು, ಒಪ್ಪಿದೆ, ಆದರೂ ಮೇಲಿನದಕ್ಕೆ ಕಾಯುತ್ತೇನೆ.
ಮೂರು, ಒಪ್ಪಿಲ್ಲ, ಇನ್ನೊಂದು ಸುತ್ತು ನೋಡುತ್ತೇನೆ.
ನಾಲ್ಕು, ಒಪ್ಪಿಲ್ಲ, ಹೊರಡುತ್ತೇನೆ.

"ನಮ್ ಮದ್ವೇಲಿ ಇದ್ಯಾವ್ದೂ ಕೇಳ್ನಿಲ್ವಲ್ಲ,"
ಕೆಂಪಸಿದ್ದ ನಕ್ಕ. ಹುಡುಗಿ ನಗಲಿಲ್ಲ,
ನಾಲ್ಕನ್ನೂ ಬರೆದುಕೊಳ್ಳುತ್ತಿದ್ದಳು.

ನನಗೂ ಸೀಟು ಬಂದಿತ್ತು, ಎರಡನೇ ಸುತ್ತಿನಲ್ಲಿ.
ಅಲ್ಲಿಯ ತನಕ ಭಾವನ ಅಂಗಡಿ ನೋಡಿಕೋ ಅಂದಿದ್ದರು.
ಚಲನ್ ಕಟ್ಟುವ ಕೊನೇ ದಿನ ಯಾವುದೆಂದು
ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.
ಈಗ ತಾರೀಕುಗಳನ್ನು ಕೆಂಪು ಶಾಯಿಯಲ್ಲಿ ಬರೆದು
ಷಟರಿಗೆ ಅಂಟಿಸುತ್ತೇನೆ,
ಅಂಗಡಿ ಮುಚ್ಚಿದ್ದರೂ ಕಾಣಲಿ ಅಂತ.

ಆರೂ ಹತ್ತಕ್ಕೆ ಅವ್ವನ ಫೋನು ಬಂತು, ಹಿಂದೆ ಬಸ್ಸಿನ ಸದ್ದು.
"ನಾಕು... ಸೊನ್ನೆ... ತಡಿ ಮಗ, ಕಾಣಕಿಲ್ಲ..."
ಸಮಯ ಮೀರಿತು. ಇನ್ನೊಂದು ಕಳಿಸಿದೆವು.
ಅದೂ ಮೀರಿತು. ಮೂರನೆಯದಕ್ಕೆ
ಪಕ್ಕದಲ್ಲಿ ಯಾರೋ ಹುಡುಗಿ ಓದಿ ಹೇಳಿದಳು.

ಪ್ರಿಂಟು ಬಿಸಿಯಿತ್ತು.
ಪೂರ್ವಿಕ ಬೆರಳಿಟ್ಟು ನಲವತ್ತೊಂದನ್ನೂ ಎಣಿಸಿದಳು.
ಅವಳಪ್ಪ ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದ,
ತೂಕದ ಗುಂಡು ಬಿಟ್ಟು ನೋಡುವವನ ಹಾಗೆ
ಒಂದು ಕಣ್ಣು ಮುಚ್ಚಿ.
"ನೆಟ್ಟಗದೆ," ಅಂದ.

ನಲವತ್ತು ರೂಪಾಯಿ ತೆಗೆದುಕೊಂಡೆ.
ಸ್ಟೂಲು ವಾಪಸು ಕೊಡಬೇಕು.