ಎಪ್ಪತ್ತೈದು ಓಮ್

ಬೆಳ್ಳಿ ಲೇಪದ್ದು, ಒಂದೂವರೆ ಮೀಟರು.
ಬೆಲೆ ಹೇಳಲಿಲ್ಲ ವೇಯ್ಕೊ; ಇರ್ಯಾ ಕೇಳಲೂ ಇಲ್ಲ.
ತಾಂಪೆರೆಯ ಕಿಟಕಿಯಲ್ಲಿ ಮೂರಕ್ಕೇ ಕತ್ತಲು.

"ಕಣ್ಣು ಮುಚ್ಚಿ ಕೂರುತ್ತೇನೆ, ನೀನು ಬದಲಿಸು,
ಯಾವುದೆಂದು ಮಾತ್ರ ಹೇಳಬೇಡ."
ಕಪಾಟಿನ ಹಿಂದೆ ಮಂಡಿಯೂರಿದಳು.
ಕೈಗೆ ಹಳೆಯ ವಿಡಿಯೊ ಪ್ಲೇಯರಿನ ಹಳದಿ ತಲೆಯ ತಂತಿ,
ಮತ್ತೆ ಧೂಳು, ಮತ್ತೆ ಎಂದೋ ಕಳೆದಿದ್ದ ಗುಂಡಿ.

ಚೆಲ್ಲೊ ಶುರುವಾಯಿತು.
ಸೊನ್ನೆ ಒಂದು ಸೊನ್ನೆ ಒಂದು
ತಲುಪಿದರೆ ತಲುಪಿತು, ಇಲ್ಲದಿದ್ದರೆ ಇಲ್ಲ;
ಅದಕ್ಕೆ ಬೆಳ್ಳಿಯೇನು, ತಾಮ್ರವೇನು?

"ಇದೇ! ಇದೇ ಬೆಳ್ಳಿ!" ಎಂದ,
"ಕೇಳಿಸಿತೇ, ಸ್ವರಗಳ ನಡುವೆ
ತೊಳೆದಿಟ್ಟಂಥ ಮೌನ?"

ಕೇಳಿಸಿತ್ತು ಅವಳಿಗೂ:
ಅಡುಗೆಮನೆಯಲ್ಲಿ ಫ್ರಿಜ್ಜು
ಆಗಷ್ಟೇ ತನ್ನ ಗೊರಕೆ ನಿಲ್ಲಿಸಿತ್ತು.

ಹಳದಿ ತಲೆಯನ್ನು ಇನ್ನೊಂದಿಷ್ಟು ಒತ್ತಿ
ಗುಂಡಿಯನ್ನು ಜೇಬಿಗೆ ಹಾಕಿಕೊಂಡಳು.