ತೋಳಿನ ಒಳಹೊಲಿಗೆ

ಆರು ಮೀಟರಾದರೂ ಬೇಕು ಆ ತೋಳಿಗೆ,
ಒಂದೊಂದು ತೋಳಿಗೆ.
ಅವನು ಕತ್ತಿಯ ಮೇಲೆ ನಿಂತು ಮೋಡ ದಾಟುವಾಗ
ಶಬೀನಾ ಉಸಿರು ಬಿಗಿಹಿಡಿದು ಮುಖ ನೋಡ್ತಾಳೆ,
ನಾನು ಅಂಚು ನೋಡ್ತೀನಿ:
ಕೆಸರಿಲ್ಲ, ಸುಕ್ಕಿಲ್ಲ, ಎಲ್ಲೂ ನೂಲೆದ್ದಿಲ್ಲ.
ದೇವಲೋಕದಲ್ಲಿ ಇಸ್ತ್ರಿ ಯಾರು ಮಾಡ್ತಾರೋ.

ಚೌಕಿಪೇಟೆ ಸಂದಿ, ಮೆಟ್ಟಿಲ ಕೆಳಗಿನ ಅಂಗಡಿ,
ದಾರದ ಡಬ್ಬಿಗೆ ಒರಗಿಸಿಟ್ಟ ಫೋನು,
ಗಾಜಿನ ಮೂಲೇಲಿ ಜೇಡನ ಬಲೆಯಂಥ ಒಡಕು.
ಮಷಿನ್ ತುಳಿದರೆ ಮಾತು ಕೇಳಲ್ಲ,
ಕೇಳಿದರೂ ಚೀನಾದ ಮಾತು.
ಕೆಳಗೆ ಓಡುವ ಇಂಗ್ಲಿಷ್ ಸಾಲನ್ನ
ಹುಕ್ಸು ಹಚ್ತಾ ಹಚ್ತಾ ಶಬೀನಾ ಓದಿ ಹೇಳ್ತಾಳೆ,
ಪಿಯುಸಿ ಇಂಗ್ಲಿಷು, ಅರ್ಧ ಅವಳದೇ ಕಥೆ:
"ಅಕ್ಕಾ, ಮೂರು ಸಾವಿರ ವರ್ಷ ಕಾದಿದ್ದಾನಂತೆ."
ಬಿಡೇ, ಅಂತೀನಿ, ದೀಪಾವಳಿಗೆ ಅಂತ ಕೊಟ್ಟ ಪೀಸು
ಎರಡು ದಿನ ತಡವಾದರೆ ಇಲ್ಲಿ ಜಗಳ.

ಮೊದಮೊದಲು ನಗು ಬರ್ತಿತ್ತು.
ಬೆಟ್ಟದ ತುದೀಲಿ ಬಿಳಿಗಡ್ಡದ ಗುರುಗಳು,
ಸುತ್ತ ಹೊಗೆಯೋ ಹೊಗೆ, ಆಜಾದ್ ನಗರದ
ಮಂಡಕ್ಕಿ ಭಟ್ಟಿಗಳನ್ನೆಲ್ಲ ಒಟ್ಟಿಗೆ ಹೊತ್ತಿಸಿದ ಹಾಗೆ.
ಸಿಡಿಲು ಎರಗಿದರೂ ಕೂದಲು ಕೆದರದ ಹುಡುಗಿ,
ನಿಜರೂಪದಲ್ಲಿ ಒಂಬತ್ತು ಬಾಲದ ನರಿಯಂತೆ.
ಲಂಗದ ಹಿಂದೆ ಒಂಬತ್ತು ಸೀಳು ಬಿಡಬೇಕಲ್ಲ
ಅಂತ ಲೆಕ್ಕ ಹಾಕ್ತಾ ಕೂತೆ.

ಹದಿನೇಳನೇ ಕಂತಿಗೆ ಒಬ್ಬ ಮುದುಕ ಬಂದ.
ಅವನ ಮುಂದೆ ಪುಸ್ತಕ.
ಎಲ್ಲರ ಹುಟ್ಟು, ಎಲ್ಲರ ಸೋಲು,
ಯಾರು ಯಾರನ್ನ ಮರೀಬೇಕು ಅನ್ನೋದು,
ಕುಂಚ ಅದ್ದಿ ಅದ್ದಿ ಬರೀತಾನೆ.
ಪೆಡಲ್ ಮೇಲೆ ಕಾಲು ನಿಂತಿತು.

ನನ್ನ ಹತ್ತಿರಾನೂ ಐತೆ.
ಎಣ್ಣೆ ಕುಡಿದ ರಟ್ಟು. ನಮ್ಮಪ್ಪನ ಕಾಲದ್ದು ನಾಕು, ನಂದು ಹನ್ನೊಂದು.
ಎದೆ, ಸೊಂಟ, ತೋಳು, ಕೊರಳಿನ ಆಳ.
ಬರೆಯೋದಷ್ಟೇ ನನ್ನ ಕೆಲಸ, ಬರೆಸೋರು ಬೇರೆ.

ಚಂದ್ರಕಲಾ ಟೀಚರ್, ನಿಟುವಳ್ಳಿ:
ಮೂವತ್ತೆರಡು, ಮದುವೆ ವರ್ಷ.
ಮೂವತ್ತಾರು, ಪಕ್ಕಕ್ಕೆ "ಹುಕ್ಸು ಮುಂದೆ, ಕೂಸಿಗೆ ಹಾಲು."
ಮೂವತ್ತೆಂಟು, ಮೂವತ್ತೆಂಟು, ನಲವತ್ತು.
ಆಮೇಲೊಂದು ಸಂಜೆ ಶಟರ್ ಅರ್ಧ ಇಳಿಸಿ ಅಂದರು.
ಟೇಪು ಹಿಡಿದ ಕೈ ಎಡಕ್ಕೆ ಹೋಗಿ
ಅಲ್ಲಿ ಏನೂ ಇಲ್ಲದ್ದಕ್ಕೆ ಜಾರಿತು.
"ಗೊತ್ತಾಗದ ಹಾಗೆ ಹೊಲೀರಿ, ಅಂಬೂಬಾಯಿ."
ಒಳಗೊಂದು ಚೀಲ ಇಟ್ಟೆ, ಮೆತ್ತನೆ ಮಲ್‌ಮಲ್‌ದು, ಹತ್ತಿ ತುಂಬಿ,
ಹಗುರಾದರೆ ಮೇಲೆದ್ದು ಬರ್ತದೆ ಅಂತ
ನಡುವೆ ಒಂದು ಹಿಡಿ ಸಾಸಿವೆ.
ಪುಸ್ತಕದಲ್ಲಿ ಎಡ, ಬಲ ಅಂತ
ಬೇರೆ ಬೇರೆ ಬರೆದೆ, ಮೊದಲ ಸಲ.
ಆ ಹಾಳೆಯ ಕೆಳಗೆ ಇನ್ನೂ ಜಾಗ ಐತೆ.

ಮೂವತ್ತೊಂದನೇ ಕಂತಲ್ಲಿ ನರಿಹುಡುಗಿ
ಅವನನ್ನ ಉಳಿಸೋಕೆ ಒಂದು ಬಾಲ ಕತ್ತರಿಸಿ ಕೊಟ್ಟಳು.
ಶಬೀನಾ ದುಪಟ್ಟಾದಲ್ಲಿ ಮೂಗು ಒರೆಸ್ಕೊಂಡು
"ಮತ್ತೆ ಬೆಳೀಲಿಕ್ಕೆ ಸಾವಿರ ವರ್ಷ ಬೇಕಂತೆ ಅಕ್ಕಾ" ಅಂದಳು.
ಬೆಳೀತದಲ್ಲ, ಅಂದೆ.
ಜೋರಾಗೇ ಅಂದೆನೋ ಏನೋ,
ಸೂಜಿ ಹಿಡಿದೇ ನನ್ನ ಮುಖ ನೋಡಿದಳು.

ನಿನ್ನೆ ಅವಳು ಮರೆವಿನ ಗಂಜಿ ಕುಡಿದಳು, ಸೇತುವೆ ಮೇಲೆ.
ಕುಡಿದು ಅವನನ್ನ, ಯಾರೋ ದಾರಿ ಕೇಳೋರನ್ನ ನೋಡಿದ ಹಾಗೆ ನೋಡಿದಳು.
ಅವನು ಅವಳ ಕೆನ್ನೆಗೆ ಕೈ ಚಾಚಿದ, ಗಾಳಿ ಬೀಸಿ
ತೋಳು ಹಿಂದಕ್ಕೆ ಮಡಿಚಿ ಬಿತ್ತು.

ತಿರುಗಿಸೇ ಹಿಂದಕ್ಕೆ, ಅಂದೆ.
"ಅವನು ಅಳೋದಾ?"
ಅಲ್ಲ, ತೋಳು.

ಒಳಮಗ್ಗುಲಲ್ಲಿ, ಬಿಳಿ ರೇಷ್ಮೆಗೆ ಕೆನೆಬಣ್ಣದ ದಾರ.
ಉದ್ದುದ್ದ ಕಚ್ಚಾ ಹೊಲಿಗೆ, ಕೊನೇಲಿ ಗಂಟು.
ಬಿಳಿ ಮುಗಿದಿತ್ತು.
ಬೆಳಗಾದರೆ ಶೂಟಿಂಗು, ತೋಳು ಹರಿದೈತೆ,
ಅಷ್ಟೊತ್ತಲ್ಲಿ ಯಾವ ಅಂಗಡಿ ತೆರೆದಿರ್ತದೆ.
ಮೂಗಿನ ಮೇಲೆ ಕನ್ನಡಕ ಜಾರ್ತಾ,
ಯಾರೋ ಹಲ್ಲಲ್ಲಿ ದಾರ ಕಡಿದು
ಒಳಗಡೆ ತಾನೆ, ಯಾರು ನೋಡ್ತಾರೆ ಅಂದಿರಬೇಕು.

ಇನ್ನೊಂದು ಸಲ ಹಾಕು, ಅಂದೆ.
"ಡೇಟಾ ಮುಗೀತದೆ ಅಕ್ಕಾ."
ಮುಗೀಲಿ.